ಹೆಂಚಿನ ಮನೆಗೆ ಡಿಶ್ ಕೂರಿಸುವುದು

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಹೆಂಚಿನ ಮನೆ, ಸುತ್ತ ತೋಟ. ಡಿಡಿ ಫ್ರೀ ಡಿಶ್ ಎಲ್ಲಿ ಕೂರಿಸಬೇಕು? ಸಿಡಿಲಿನ ಭಯಕ್ಕೆ ಏನು ಮಾಡಬೇಕು?

ಉತ್ತರ: ಡಿಡಿ ಫ್ರೀ ಡಿಶ್ ಸಿಗ್ನಲ್ ಬರುವುದು 93.5 ಡಿಗ್ರಿ ಪೂರ್ವ ರೇಖಾಂಶದ ಜಿಸ್ಯಾಟ್-15 ಉಪಗ್ರಹದಿಂದ. ಮಲೆನಾಡಿಗೆ ಅದು ಆಗ್ನೇಯ ದಿಕ್ಕಿನಲ್ಲಿ, ಅರವತ್ತು ಡಿಗ್ರಿಗೂ ಮೇಲೆ ಇದೆ. ಆ ಕಡೆ ಅಡಿಕೆ ಸೋಗೆ, ಹಲಸಿನ ಕೊಂಬೆ ಅಡ್ಡ ಬರದಿದ್ದರೆ ಸಾಕು. ಎತ್ತರದ ಜಾಗ ಬೇಕಿಲ್ಲ. ಹಾಗಾಗಿ ಹೆಂಚು ತುಳಿದು ಮಾಡು ಹತ್ತುವ ಅಪಾಯವೇಕೆ? ಅಂಗಳದಲ್ಲಿ ಕಾಂಕ್ರೀಟ್ ಹಾಕಿ ನೆಟ್ಟ ಕಬ್ಬಿಣದ ಪೈಪೇ ಉತ್ತಮ. ರಸಮಟ್ಟ ಹಿಡಿದು ಪೈಪನ್ನು ನೆಟ್ಟಗೆ ನಿಲ್ಲಿಸಬೇಕು. ಸೆಟ್‌ಟಾಪ್ ಬಾಕ್ಸಿನ ಸಿಗ್ನಲ್ ಕ್ವಾಲಿಟಿ ನೋಡುತ್ತ ಡಿಶ್ಶನ್ನು ಕೂದಲೆಳೆಯಷ್ಟೇ ಸರಿಸುತ್ತ ಹೋಗಿ, ಸಿಕ್ಕೊಡನೆ ಬೋಲ್ಟ್ ಬಿಗಿಯಬೇಕು.

ಕೇಬಲ್ ಗೋಡೆಯೊಳಗೆ ಹೋಗುವ ಮುನ್ನ ಕೆಳಕ್ಕೆ ಸ್ವಲ್ಪ ಜೋಲುಬಿಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ಜಡಿಮಳೆಯಲ್ಲಿ ಚಿತ್ರ ಹೋದರೆ ಡಿಶ್ ಮುಟ್ಟಬಾರದು. ಮಳೆ ತಗ್ಗಿದರೆ ತಾನೇ ಬರುತ್ತದೆ.

ಪೈಪಿಗೆ ಅರ್ತಿಂಗ್ ಇರಲೇಬೇಕು. ಆದರೂ ನೇರ ಸಿಡಿಲನ್ನು ಅದು ತಡೆಯದು. ಗುಡುಗು ಶುರುವಾಗುವ ಮೊದಲೇ ಪ್ಲಗ್ ಕೀಳಬೇಕು, ಡಿಶ್ ಕೇಬಲನ್ನೂ ಬಾಕ್ಸಿನಿಂದ ಬಿಡಿಸಬೇಕು. ಗುಡುಗುವಾಗ ಎರಡನ್ನೂ ಮುಟ್ಟಬಾರದು.

ಮನೆಗೆ ಅರ್ತಿಂಗ್ ಇಲ್ಲದಿದ್ದರೆ ಅಥವಾ ಬಾಕ್ಸ್ ಮುಟ್ಟಿದಾಗ ಜುಮ್ಮೆಂದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರನ್ನೇ ಕರೆಸಬೇಕು. ಪೈಪ್ ವಾಲಿದರೆ ಕರೆಂಟ್ ತಂತಿಗೆ ತಾಗುವಂತಿದ್ದರೆ ಆ ಜಾಗವನ್ನೇ ಬಿಡಬೇಕು.