ಕೆರೆಯ ಮೀನುಗಳ ರೋಗ: ಗುರುತು ಮತ್ತು ಉಪಚಾರ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಮಳೆಯ ನೀರನ್ನು ಹಿಡಿದಿಡುವ ಕೆರೆ ಕುಂಟೆಗಳು ಜನರಿಗೂ ದನಕರುಗಳಿಗೂ ಆಧಾರ. ಅವುಗಳಲ್ಲಿ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆಗಳ ಮರಿಗಳನ್ನು ಬಿಟ್ಟು ಬೆಳೆಸುವುದು ರೂಢಿಯಲ್ಲಿದೆ. ವರ್ಷದ ಶ್ರಮವು ಒಂದೇ ರಾತ್ರಿಯಲ್ಲಿ ನಷ್ಟವಾಗುವುದುಂಟು. ಸತ್ತ ಮೀನು ತೇಲಿದೊಡನೆ ಔಷಧಿಗಾಗಿ ಓಡುವುದು ವಾಡಿಕೆ. ಆದರೆ ಅನೇಕ ವೇಳೆ ಸಾವಿಗೆ ಕಾರಣ ರೋಗವಲ್ಲ, ನೀರು. ಆದುದರಿಂದ ಮೊದಲು ನೀರನ್ನೂ ಅನಂತರ ಮೀನನ್ನೂ ಪರೀಕ್ಷಿಸತಕ್ಕದ್ದು.

೧. ಉಸಿರಿನ ಕೊರತೆ. ಮೀನುಗಳು ನಸುಕಿನಲ್ಲಿ ಮೇಲೆ ಬಂದು ಬಾಯಿ ತೆರೆಯುತ್ತಾ, ಬಿಸಿಲೇರಿದ ಮೇಲೆ ಕೆಳಗಿಳಿದರೆ ಅದು ರೋಗವಲ್ಲ. ಪಾಚಿಯು ಹಗಲಿನಲ್ಲಿ ನೀರಿಗೆ ಆಮ್ಲಜನಕವನ್ನು ಕೊಡುವುದು. ರಾತ್ರಿಯಲ್ಲಿ ಅದನ್ನೇ ಉಪಯೋಗಿಸಿಕೊಳ್ಳುವುದು. ಆದುದರಿಂದ ಬೆಳಗಿನ ಜಾವಕ್ಕೆ ನೀರಿನಲ್ಲಿ ಉಸಿರು ಸಾಲದಾಗುವುದು. ನೀರು ದಟ್ಟ ಹಸಿರಾಗಿದ್ದಾಗ, ಮೋಡ ಕವಿದ ದಿನಗಳಲ್ಲಿ, ಬೇಸಗೆಯಲ್ಲಿ ನೀರು ಇಳಿದಾಗ ಅಪಾಯ ಹೆಚ್ಚು. ರೇಷ್ಮೆಹುಳುವಿನ ಹಿಕ್ಕೆಯನ್ನೂ ಸಗಣಿಯನ್ನೂ ಮಿತಿಮೀರಿ ಹಾಕಿದರೆ ಅವು ಕೊಳೆತು ಇದೇ ಕೇಡನ್ನು ತರುವವು. ಇದಕ್ಕೆ ಔಷಧಿ ಇಲ್ಲ. ಗೊಬ್ಬರವನ್ನೂ ಮೇವನ್ನೂ ಕೂಡಲೇ ನಿಲ್ಲಿಸಿ, ಪಂಪಿನಿಂದ ನೀರನ್ನು ಎತ್ತಿ ಮೇಲಿನಿಂದ ಕೆರೆಗೇ ಬೀಳುವಂತೆ ಮಾಡತಕ್ಕದ್ದು. ಸಾಧ್ಯವಿದ್ದರೆ ಹೊಸ ನೀರನ್ನು ಬಿಡಬೇಕು.

೨. ವಿಷ. ದೊಡ್ಡದು ಚಿಕ್ಕದೆನ್ನದೆ ಎಲ್ಲ ಜಾತಿಯ ಮೀನುಗಳೂ, ಅವುಗಳೊಡನೆ ಕಪ್ಪೆ ಮತ್ತು ಏಡಿಗಳೂ ಒಮ್ಮೆಗೇ ಸತ್ತರೆ ಕೀಟನಾಶಕವನ್ನು ಶಂಕಿಸಬೇಕು. ದ್ರಾಕ್ಷಿ, ಟೊಮ್ಯಾಟೊ ತೋಟಗಳಿಗೆ ಸಿಂಪಡಿಸಿದ ಡಬ್ಬಿಗಳನ್ನು ಕೆರೆಯಲ್ಲಿ ತೊಳೆಯಕೂಡದು. ಅಂಥ ಮೀನನ್ನು ತಿನ್ನಕೂಡದು, ಮಾರಕೂಡದು; ಆ ನೀರನ್ನು ದನಗಳಿಗೆ ಕುಡಿಸಕೂಡದು.

೩. ಮೀನಿನ ಹೇನು. ಮೀನುಗಳು ಕಲ್ಲಿಗೂ ಗೂಟಕ್ಕೂ ಮೈ ಉಜ್ಜುವುವು. ಹಿಡಿದು ನೋಡಿದರೆ ಚಪ್ಪಟೆಯಾದ ದುಂಡು ಹುಳುಗಳು ಚರ್ಮವನ್ನು ಕಚ್ಚಿಕೊಂಡಿರುವುದೂ, ಕಚ್ಚಿದೆಡೆ ಕೆಂಪು ಚುಕ್ಕೆಯೂ ಕಾಣುವುದು. ಈ ಹುಳು ಗಟ್ಟಿಯಾದ ವಸ್ತುಗಳ ಮೇಲೆ ಮೊಟ್ಟೆಯಿಡುವುದು. ಆದುದರಿಂದ ನೀರಿನಲ್ಲಿ ಬಿದಿರಿನ ಗಳುಗಳನ್ನು ನೆಟ್ಟು, ಕೆಲವು ದಿನಗಳಿಗೊಮ್ಮೆ ಕಿತ್ತು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದರೆ ಮೊಟ್ಟೆಗಳು ನಾಶವಾಗುವುವು.

೪. ಹುಣ್ಣಿನ ರೋಗ. ಮೊದಲು ಮೈಮೇಲೆ ಕೆಂಪು ಕಲೆ, ಆಮೇಲೆ ಮಾಂಸದವರೆಗೂ ಇಳಿಯುವ ಹುಣ್ಣು. ಇದು ಒಂದು ಬಗೆಯ ಬೂಷ್ಟಿನಿಂದ ಉಂಟಾಗುವುದು. ಭಾರತದಲ್ಲಿ ೧೯೮೮ರಲ್ಲಿ ಕಾಣಿಸಿಕೊಂಡು ಅನೇಕ ಪ್ರಾಂತಗಳಿಗೆ ಹರಡಿತು. ಮಳೆಗಾಲ ಕಳೆದು ಚಳಿ ಬೀಳುವಾಗ ಇದರ ಹಾವಳಿ ಹೆಚ್ಚು; ಕೊರವ ಮೀನುಗಳು ಬೇಗ ತುತ್ತಾಗುವುವು. ಮರಿ ಸಾಕುವ ಚಿಕ್ಕ ಕುಂಟೆಗಳಲ್ಲಿ ನೀರಿನ ಗುಣವನ್ನು ಪರೀಕ್ಷಿಸಿ ಸುಣ್ಣ ಹಾಕಿದರೆ ಹಾವಳಿ ತಗ್ಗುವುದು. ಎಷ್ಟು ಸುಣ್ಣವೆಂಬುದನ್ನು ಮೀನುಗಾರಿಕೆ ಇಲಾಖೆಯವರಿಂದ ತಿಳಿದೇ ಹಾಕತಕ್ಕದ್ದು. ಹುಣ್ಣು ಬಿದ್ದ ಮೀನುಗಳನ್ನು ಆರಿಸಿ, ಕೆರೆಯಿಂದ ದೂರದಲ್ಲಿ ಸುಣ್ಣದೊಡನೆ ಆಳವಾಗಿ ಹೂಳಬೇಕು.

೫. ಹೊಟ್ಟೆಯುಬ್ಬರ. ಹೊಟ್ಟೆಯಲ್ಲಿ ನೀರು ತುಂಬಿ ಹುರುಪೆಗಳು ನಿಮಿರಿ ನಿಲ್ಲುವುವು. ಇಂಥ ಮೀನು ಬದುಕುವುದು ಅಪರೂಪ; ಬೇರ್ಪಡಿಸಿ ಹೂಳುವುದೇ ಸರಿ.

ಮನೆಗಳಲ್ಲಿ ಗಾಜಿನ ತೊಟ್ಟಿಯಲ್ಲಿಟ್ಟ ಮೀನುಗಳಿಗೂ ಇದೇ ನಿಯಮ. ಮೈಮೇಲೆ ಉಪ್ಪಿನ ಹರಳಿನಂಥ ಬಿಳಿಯ ಚುಕ್ಕೆಗಳೆದ್ದರೆ ಒಂದೇ ದಿನದ ಉಪಚಾರ ಸಾಲದು. ಆ ರೋಗದ ಜೀವಿಯು ಮೀನಿನಿಂದ ಉದುರಿ ತೊಟ್ಟಿಯ ತಳದಲ್ಲಿ ನೂರಾರಾಗಿ ಹೆಚ್ಚಿ ಮತ್ತೆ ಅಂಟಿಕೊಳ್ಳುವುದು. ಔಷಧಿಯು ಅದನ್ನು ನೀರಿನಲ್ಲಿ ಈಜುವಾಗ ಮಾತ್ರ ಕೊಲ್ಲಬಲ್ಲದು. ಹೊಸ ಮೀನನ್ನು ಎರಡು ಮೂರು ವಾರ ಬೇರೆಯಾಗಿಟ್ಟು ನೋಡಿದ ಮೇಲೆಯೇ ಹಳೆಯವುಗಳೊಡನೆ ಬಿಡತಕ್ಕದ್ದು.

ಗ್ರಾಮದ ಮುಖಂಡರು ನೆನಪಿಡಬೇಕಾದುದು ಇಷ್ಟು: ಮೀನು ಸತ್ತ ಹೊತ್ತು, ನೀರಿನ ಬಣ್ಣ, ಸತ್ತ ಜಾತಿಗಳು, ಹಿಂದಿನ ದಿನಗಳಲ್ಲಿ ಕೆರೆಗೆ ಬಿದ್ದ ವಸ್ತುಗಳು ಇವನ್ನು ಬರೆದಿಡಬೇಕು. ಕೊಳೆತ ಮೀನಿನಿಂದ ರೋಗ ತಿಳಿಯದು. ಜೀವವಿರುವ ರೋಗದ ಮೀನನ್ನೇ ಇಲಾಖೆಯವರಿಗೆ ತೋರಿಸಬೇಕು. ಕೆರೆಯು ಊರಿಗೆಲ್ಲ ಸೇರಿದ್ದು. ಕಾರಣ ತಿಳಿಯದೆ ಒಬ್ಬನು ಸುರಿದ ಔಷಧಿಯನ್ನು ಊರಿನ ದನಗಳೆಲ್ಲ ಕುಡಿಯಬೇಕಾದೀತು.