ಹಾಲೆಂಡಿನ ಪೋಸ್ಟರುಗಳು

ಸಮಾಜ ಪಾಠದಲ್ಲಿ ಮೆಣಸಿನ ವ್ಯಾಪಾರಕ್ಕೆ ಬಂದ ಡಚ್ಚರ ಬಗ್ಗೆ ಓದಿದ್ದೇವಲ್ಲ, ಅವರ ದೇಶವೇ ನೆದರ್ಲೆಂಡ್ಸ್. ಹಾಲೆಂಡ್ ಅಂತಲೂ ಕರೀತಾರೆ. ನಮ್ಮ ಕರ್ನಾಟಕಕ್ಕಿಂತ ಬಹಳ ಚಿಕ್ಕದು. ಆದರೆ ಪೋಸ್ಟರ್ ಮಾಡುವುದರಲ್ಲಿ ದೊಡ್ಡ ಹೆಸರು. ಪೋಸ್ಟರ್ ಅಂದ್ರೆ ಬರೀ ಸಿನಿಮಾದ್ದಲ್ಲ.

1894ರಲ್ಲಿ ಯಾನ್ ಟೋರೊಪ್ ಎಂಬ ಚಿತ್ರಕಾರರು ಡೆಲ್ಫ್ಟ್ ಊರಿನ ಎಣ್ಣೆ ಕಾರ್ಖಾನೆಗೆ ಒಂದು ಪೋಸ್ಟರ್ ಬರೆದುಕೊಟ್ಟರು. ಅದರಲ್ಲಿ ಇಬ್ಬರು ಹೆಂಗಸರಿದ್ದಾರೆ. ಒಬ್ಬಳು ಸೊಪ್ಪಿನ ಸಲಾಡ್ ಕಲಸುತ್ತಿದ್ದಾಳೆ. ಅವರ ಕೂದಲು ಹಾಳೆ ತುಂಬಾ ಬಳ್ಳಿಯ ಹಾಗೆ ಹಬ್ಬಿದೆ. ಎಣ್ಣೆ ಅಡುಗೆಗೋ ತಲೆಗೋ ಅಂತ ನನಗೆ ಅನುಮಾನ ಬಂತು! ಇದರಿಂದಾಗಿ ಆ ಕಾಲದ ಬಳುಕು ಗೆರೆಯ ಶೈಲಿಗೇ ಅಲ್ಲಿ ‘ಸಲಾಡ್ ಎಣ್ಣೆ ಶೈಲಿ’ ಎಂದು ಹೆಸರು ಬಿತ್ತು.

ನನಗೆ ಬಹಳ ಹಿಡಿಸಿದವರು ವಿಲ್ಲೆಮ್ ಸ್ಯಾಂಡ್‌ಬರ್ಗ್. ಇವರು ಆಮ್‌ಸ್ಟರ್‌ಡ್ಯಾಮಿನ ಸ್ಟೆಡೆಲಿಕ್ ಮ್ಯೂಸಿಯಂನಲ್ಲಿ ಕೆಲಸಕ್ಕಿದ್ದರು. 1940ರಲ್ಲಿ ಹಿಟ್ಲರನ ಸೈನ್ಯ ಆ ದೇಶವನ್ನು ಹಿಡಿಯಿತು. ಯಹೂದಿಗಳನ್ನು ಹುಡುಕಿ ಹುಡುಕಿ ಒಯ್ಯತೊಡಗಿದರು. ಆಗ ಸ್ಯಾಂಡ್‌ಬರ್ಗ್ ಮತ್ತು ಗೆಳೆಯರು ಸುಳ್ಳು ಗುರುತಿನ ಚೀಟಿ ಮಾಡಿಕೊಟ್ಟು ಜನರನ್ನು ಉಳಿಸಿದರು. ಅಚ್ಚಿನ ಕೆಲಸ, ಅಕ್ಷರದ ಕೆಲಸ ಗೊತ್ತಿತ್ತಲ್ಲ! ಆದರೆ ಒಂದು ತೊಂದರೆ ಇತ್ತು. ನಗರದ ಜನರ ದಾಖಲೆ ಕಚೇರಿಯ ಕಾರ್ಡಿಗೆ ತಾಳೆ ಹಾಕಿ ನೋಡಿದರೆ ಸುಳ್ಳು ಚೀಟಿ ಸಿಕ್ಕಿಬೀಳುತ್ತಿತ್ತು. ಅದಕ್ಕೇ ಆ ಕಚೇರಿಯನ್ನೇ ಸುಡಬೇಕೆಂದು ಗುಂಪು ಕಟ್ಟಿ ಯೋಚನೆ ಮಾಡಿದರು. 1943ರ ಮಾರ್ಚ್ 27ರ ರಾತ್ರಿ ಆ ಗುಂಪಿನವರು ಪೊಲೀಸರ ವೇಷದಲ್ಲಿ ಹೋಗಿ, ಕಾವಲುಗಾರರಿಗೆ ಮಂಪರು ಔಷಧ ಕೊಟ್ಟು, ಬೆಂಕಿ ಹಚ್ಚಿದರು. ಯಾರನ್ನೂ ಕೊಲ್ಲಲಿಲ್ಲ. ಆಮೇಲೆ ಸಿಕ್ಕಿಬಿದ್ದ 12 ಮಂದಿಯನ್ನು ಜುಲೈ 1ರಂದು ಗುಂಡಿಕ್ಕಿ ಕೊಂದರು. ಸ್ಯಾಂಡ್‌ಬರ್ಗ್ ಬೇರೆ ಹೆಸರಿಟ್ಟುಕೊಂಡು ಯುದ್ಧ ಮುಗಿಯೋತನಕ ಅಡಗಿದ್ದರು. ಸುಮ್ಮನೆ ಕೂರಲಿಲ್ಲ, ಅಲ್ಲೇ ಕೈಯಿಂದ ಸಣ್ಣ ಸಣ್ಣ ಪುಸ್ತಕ ಮಾಡಿದರು.

1945ರಲ್ಲಿ ಅದೇ ಮ್ಯೂಸಿಯಂಗೆ ನಿರ್ದೇಶಕರಾದರು. ಅಲ್ಲಿಯ ಪೋಸ್ಟರುಗಳನ್ನೂ ತಾವೇ ಮಾಡುತ್ತಿದ್ದರು. ಕಾಗದವನ್ನು ಕೈಯಲ್ಲೇ ಹರಿದು ಅಕ್ಷರ ಮಾಡುವುದು ಅವರ ರೀತಿ. ಅಂಚು ತರಿತರಿ. ಕೆಂಪು ಬಣ್ಣ ಅಂದ್ರೆ ಬಲು ಇಷ್ಟ. ನೀವೂ ಹಳೇ ಪೇಪರಿನಲ್ಲಿ ಮಾಡಿ ನೋಡಿ. ಒಂದು ದಿಕ್ಕಿಗೆ ನೇರ ಹರಿಯುತ್ತೆ, ಇನ್ನೊಂದಕ್ಕೆ ಸೊಟ್ಟ. ಕಾಗದದ ನಾರು ಒಂದೇ ಕಡೆ ಮಲಗಿರುವುದೇ ಕಾರಣ. ಇಂಗ್ಲಿಷಿನ ಎಲ್, ಟಿ ಸುಲಭ. ನಮ್ಮ ‘ಠ’ ಹರಿಯೋದಿದೆಯಲ್ಲ, ಸಾಕಪ್ಪಾ ಸಾಕು.

1963ರಿಂದ ಆ ಮ್ಯೂಸಿಯಂ ಪೋಸ್ಟರ್ ಮಾಡಿದವರು ವಿಮ್ ಕ್ರೌವೆಲ್. ಇವರದು ಪೂರಾ ಉಲ್ಟಾ, ಎಲ್ಲಾ ಅಳತೆ ಪ್ರಕಾರ. ನಾವು ತಲೆಬರಹಕ್ಕೆ ಪೆನ್ಸಿಲ್ ಗೆರೆ ಎಳೆದು ಆಮೇಲೆ ರಬ್ಬರಿನಿಂದ ಅಳಿಸ್ತೀವಲ್ಲ, 1968ರ ಒಂದು ಪೋಸ್ಟರಿನಲ್ಲಿ ಅವರು ಚೌಕದ ಗೆರೆಗಳನ್ನು ಹಾಗೇ ಬಿಟ್ಟರು. ಅದೇ ಚಂದ ಕಾಣುತ್ತೆ.

ಡಿಕ್ ಬ್ರೂನಾ ಎಂಬುವರು ತಮ್ಮ ಮನೆತನದ ಪುಸ್ತಕ ಕಂಪನಿಗೆ ಒಂದು ಕರಿ ಕರಡಿ ಬರೆದರು. ಕೆಲವು ಪೋಸ್ಟರಿನಲ್ಲಿ ಅದರ ಕಣ್ಣು ಮಾತ್ರ ಕೆಂಪು. ಯಾಕೆ ಹೇಳಿ? ರಾತ್ರಿಯೆಲ್ಲಾ ಪುಸ್ತಕ ಓದಿದೆ!