ಡಬ್ಬಾ ಮಾನಿಟರ್‌ಗೆ ಮರುಜೀವ: ಹೊಸಬರಿಗೆ ಹಂತ ಹಂತದ ಕೈಪಿಡಿ

ಮೇಜಿನ ಅರ್ಧ ಜಾಗ ನುಂಗಿಕೊಂಡು ಕೂರುತ್ತಿದ್ದ ಪಿಕ್ಚರ್ ಟ್ಯೂಬಿನ ಮಾನಿಟರ್, ಅಂದರೆ ಸಿಆರ್‌ಟಿ, ಈಗ ಅಂಗಡಿಯಲ್ಲಿ ಹೊಸದಾಗಿ ಸಿಗುವ ವಸ್ತುವಲ್ಲ. ಶಾಲೆಯ ಲ್ಯಾಬಿನಲ್ಲಿ ಮೇಷ್ಟ್ರ ಕಣ್ಣು ತಪ್ಪಿಸಿ ‘ಡೇಂಜರಸ್ ಡೇವ್’ ಆಡಿದವರು, ಡಿಟಿಪಿ ಸೆಂಟರಿನಲ್ಲಿ ಲಗ್ನಪತ್ರಿಕೆಯ ಕರಡು ತಿದ್ದಿಸಿದವರು, ‘ಬರಹ’ ಅಥವಾ ‘ನುಡಿ’ಯಲ್ಲಿ ಮೊದಲ ಬಾರಿ ತಮ್ಮ ಹೆಸರನ್ನು ಕನ್ನಡದಲ್ಲಿ ಕಂಡವರು, ಎಲ್ಲರೂ ನೋಡಿದ್ದು ಇದೇ ಪರದೆಯನ್ನು. ಈಗ ಅದನ್ನು ಮತ್ತೆ ಮನೆಗೆ ತರಬೇಕೆಂಬ ಆಸೆ ಹಲವರಿಗೆ. ಸೋನಿಯ ಜಿಡಿಎಂ-ಎಫ್‌ಡಬ್ಲ್ಯು900 ಎಂಬ 24 ಇಂಚಿನ, ಸುಮಾರು 42 ಕಿಲೋ ತೂಗುವ ಮಾನಿಟರ್‌ಗಾಗಿ ಜಗತ್ತಿನ ಹವ್ಯಾಸಿಗಳು ಪೈಪೋಟಿ ನಡೆಸುತ್ತಾರೆ. ಕಲಿಯಲು ಅಷ್ಟು ದೊಡ್ಡದು ಬೇಕಿಲ್ಲ. ಯಾರದೋ ಅಟ್ಟದ ಮೇಲಿರುವ 15 ಇಂಚಿನದೇ ಸಾಕು.

ಹೊಸಬರು ಎಡವುವುದು ಒಂದೇ ಕಡೆ: ಸಿಆರ್‌ಟಿಯ ಸ್ವಭಾವವನ್ನು ರೋಗವೆಂದು ತಿಳಿದು ಒಳ್ಳೆಯದನ್ನು ಬಿಟ್ಟುಬರುತ್ತಾರೆ, ರೋಗವನ್ನು ಸ್ವಭಾವವೆಂದು ತಿಳಿದು ಕೆಟ್ಟದ್ದನ್ನು ಹೊತ್ತು ತರುತ್ತಾರೆ. ಈ ವ್ಯತ್ಯಾಸ ಗುರುತಿಸುವುದನ್ನು ಕಲಿತರೆ ಉಳಿದದ್ದು ಸುಲಭ.

ಹಂತ 1: ಕೇಬಲ್ಲಿನ ತುದಿ ನೋಡಿ

ಬ್ರ್ಯಾಂಡ್ ನೋಡುವ ಮೊದಲು ಕೇಬಲ್ಲಿನ ಪಿನ್ ಎಣಿಸಿ. ಮೂರು ಸಾಲಿನಲ್ಲಿ 15 ಪಿನ್‌ಗಳ ಜಾಗವಿದ್ದರೆ ಅದು ವಿಜಿಎ. 1987ರಲ್ಲಿ ಐಬಿಎಂನ ಪಿಎಸ್/2 ಕಂಪ್ಯೂಟರುಗಳ ಜೊತೆ ಬಂದ ಈ ಜೋಡಣೆಯೇ ಕೊನೆಯವರೆಗೂ ಉಳಿದುಕೊಂಡಿತು. ಹೊಸಬರು ಇದನ್ನೇ ಆರಿಸಿಕೊಳ್ಳಿ. ಸಾಲಿನಲ್ಲಿ ಒಂದೆರಡು ಪಿನ್ ಇಲ್ಲದಿದ್ದರೆ ಗಾಬರಿ ಬೇಡ, ಅನೇಕ ಕೇಬಲ್ಲುಗಳು ಹಾಗೇ ಬರುತ್ತವೆ.

ಎರಡು ಸಾಲಿನಲ್ಲಿ 9 ಪಿನ್ ಇದ್ದರೆ ನಿಮ್ಮ ಕೈಗೆ ಸಿಕ್ಕಿರುವುದು ಇನ್ನೂ ಹಳೆಯ, ಅಪರೂಪದ ವಸ್ತು. 1981ರಲ್ಲಿ ಮೊದಲ ಐಬಿಎಂ ಪಿಸಿಯ ಜೊತೆ ಬಂದ 5151 ಈ ಜಾತಿಯದು. ಹಸಿರು ಅಕ್ಷರ, ಸೆಕೆಂಡಿಗೆ 50 ಬಾರಿ ಮಾತ್ರ ಹೊಸದಾಗುವ ಪರದೆ. ಅಷ್ಟು ನಿಧಾನಕ್ಕೆ ಚಿತ್ರ ಮಿಣುಕಬಾರದೆಂದು, ಬೆಳಕನ್ನು ಸ್ವಲ್ಪ ಹೊತ್ತು ಹಿಡಿದಿಡುವ ಫಾಸ್ಫರ್ ಲೇಪವನ್ನು ಅದಕ್ಕೆ ಬಳಿದಿದ್ದರು. ಹಾಗಾಗಿ ಸಾಲುಗಳು ಮೇಲೆ ಸರಿದಾಗ ಹಿಂದೆ ಹಸಿರು ನೆರಳೊಂದು ಎಳೆದುಕೊಂಡು ಹೋಗುತ್ತದೆ. ಚೆಲುವಾದ ಯಂತ್ರ, ಆದರೆ ತಪ್ಪು ಸಂಕೇತ ಕೊಟ್ಟರೆ ಸುಟ್ಟುಹೋಗಬಹುದು. ಅದನ್ನು ಪಳಗಿದವರಿಗೆ ಬಿಡಿ.

ಹಂತ 2: ಉರಿಸಿ ನೋಡದೆ ಕೊಳ್ಳಬೇಡಿ

ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೇ ಸಾಮಾನಿನ ಅಂಗಡಿಗಳು, ನಿಮ್ಮೂರಿನ ಗುಜರಿ, ಮುಚ್ಚಿದ ಸೈಬರ್ ಕೆಫೆ, ಶಾಲೆಯ ದಾಸ್ತಾನು ಕೋಣೆ: ಹುಡುಕಲು ಇವೇ ಜಾಗಗಳು. ಹೋಗುವಾಗ ವಿಜಿಎ ಇರುವ ಹಳೆಯ ಲ್ಯಾಪ್‌ಟಾಪೊಂದನ್ನು ಜೊತೆಗೊಯ್ಯಿರಿ. ಆನ್ ಮಾಡುವ ಮೊದಲೇ ಆರಿದ ಪರದೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮೆನು ಪಟ್ಟಿಯ ಅಥವಾ ಅಕ್ಷರಗಳ ಕಲೆ ಮೂಡಿ ನಿಂತಿದ್ದರೆ ಫಾಸ್ಫರ್ ಲೇಪ ಸವೆದಿದೆ ಎಂದರ್ಥ. ವರ್ಷಗಟ್ಟಲೆ ಒಂದೇ ಚಿತ್ರ ತೋರಿಸಿದ ಕೌಂಟರಿನ ಮಾನಿಟರ್‌ಗಳಲ್ಲಿ ಇದು ಸಾಮಾನ್ಯ, ಇದಕ್ಕೆ ಮದ್ದಿಲ್ಲ.

ಆಮೇಲೆ ಆನ್ ಮಾಡಿ ಗಮನಿಸಿ.

ಬಿಟ್ಟುಬರಬೇಕಾದ ರೋಗಗಳು:
- ಚೆನ್ನಾಗಿ ಬಿಸಿಯಾದ ಮೇಲೂ ಚಿತ್ರ ಮಂಕಾಗಿಯೇ ಇರುವುದು. ಟ್ಯೂಬಿನ ಆಯಸ್ಸು ಮುಗಿಯುತ್ತಿದೆ.
- ಪರದೆಯ ನಟ್ಟನಡುವೆಯೂ ಅಕ್ಷರ ಮಸುಕಾಗಿ, ಎಷ್ಟು ಹೊತ್ತಾದರೂ ಚುರುಕಾಗದಿರುವುದು.
- ಚಟಪಟ ಸದ್ದು ನಿಲ್ಲದಿರುವುದು, ಸುಟ್ಟ ವಾಸನೆ.

ಹೆದರಬೇಕಿಲ್ಲದ ಲಕ್ಷಣಗಳು:
- ಮೂಲೆಯಲ್ಲಿ ಬಣ್ಣದ ಕಲೆ.
- ಚಿತ್ರ ಸ್ವಲ್ಪ ಓರೆಯಾಗಿರುವುದು, ಅಂಚು ಬಾಗಿರುವುದು.
- ಒಂದು ಬಣ್ಣ ಬಂದು ಹೋಗುವುದು. ಕೇಬಲ್ ಅಲುಗಿಸಿದಾಗ ಸರಿಹೋದರೆ ದೋಷ ತಂತಿಯದು, ಟ್ಯೂಬಿನದಲ್ಲ.

ಅಳತೆಯ ಬಗ್ಗೆ ಒಂದು ಮಾತು. 17 ಇಂಚು ಎಂದು ಬರೆದಿದ್ದರೆ ಕಣ್ಣಿಗೆ ಕಾಣುವುದು ಸುಮಾರು 16 ಇಂಚು ಮಾತ್ರ. ಬರೆದದ್ದು ಗಾಜಿನ ಅಳತೆ, ಅದರ ಅಂಚು ಪ್ಲಾಸ್ಟಿಕ್ ಚೌಕಟ್ಟಿನ ಒಳಗೆ ಅಡಗಿರುತ್ತದೆ. ಮಾರುವವನು ಮೋಸ ಮಾಡುತ್ತಿಲ್ಲ.

ಹಂತ 3: ಎದೆಗವಚಿಕೊಂಡು ಎತ್ತಿ

ತೂಕವೆಲ್ಲ ಮುಂದಿನ ದಪ್ಪ ಗಾಜಿನಲ್ಲಿದೆ. ಆದ್ದರಿಂದ ಪರದೆಯನ್ನು ಎದೆಯ ಕಡೆ ತಿರುಗಿಸಿಕೊಂಡು ಎತ್ತಬೇಕು. 17 ಇಂಚಿಗಿಂತ ದೊಡ್ಡದಾದರೆ ಇಬ್ಬರು ಬೇಕು. ಕಾರಿನಲ್ಲೋ ಆಟೊದಲ್ಲೋ ತರುವಾಗ ದಪ್ಪ ಕಂಬಳಿಯ ಮೇಲೆ ಪರದೆ ಕೆಳಮುಖವಾಗುವಂತೆ ಮಲಗಿಸಿ. ಟ್ಯೂಬಿನ ಹಿಂಭಾಗದ ಸಣ್ಣ ಕುತ್ತಿಗೆ ಬಲು ನಾಜೂಕು. ಅಲ್ಲಿ ಸೀಳು ಬಿಟ್ಟು ಗಾಳಿ ಒಳಹೊಕ್ಕರೆ ಟ್ಯೂಬಿನ ಕಥೆ ಮುಗಿಯಿತು.

ಹಂತ 4: ಜಾಗ ಆರಿಸಿ, ಹಿಂದಿನ ಮುಚ್ಚಳ ಮುಟ್ಟಬೇಡಿ

ಮೊದಲು ಎಚ್ಚರಿಕೆ. ಬಣ್ಣದ ಟ್ಯೂಬಿನೊಳಗೆ ಸುಮಾರು 25,000 ವೋಲ್ಟ್ ಹರಿದಾಡುತ್ತದೆ. ಪ್ಲಗ್ ಕಿತ್ತ ಮೇಲೂ ಟ್ಯೂಬು ಆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಧೂಳು ಒರೆಸುತ್ತೇನೆಂದು ಕೂಡ ಮುಚ್ಚಳ ಬಿಚ್ಚಬಾರದು. ರಿಪೇರಿ ಬೇಕಿದ್ದರೆ ಹಳೆಯ ಟಿ.ವಿ. ಬಿಚ್ಚಿ ಪಳಗಿದ ಮೆಕ್ಯಾನಿಕ್ ಒಬ್ಬರನ್ನು ಹುಡುಕಿ. ನಮ್ಮ ಊರುಗಳಲ್ಲಿ ಅಂಥವರು ಇನ್ನೂ ಇದ್ದಾರೆ.

ಮಳೆಗಾಲದಲ್ಲಿ ತಂದಿದ್ದರೆ ತೇವ ಆರಲು ಒಂದು ದಿನ ಒಣ ಕೋಣೆಯಲ್ಲಿಟ್ಟು ಆಮೇಲೆ ಆನ್ ಮಾಡಿ. ಮೇಲಿನ, ಹಿಂದಿನ ಗಾಳಿಕಿಂಡಿಗಳನ್ನು ಮುಚ್ಚಬೇಡಿ. ಕ್ರೋಶಾ ಹೊದಿಕೆಯ ಅಲಂಕಾರ ಆರಿದ ಮಾನಿಟರ್‌ಗೆ ಮಾತ್ರ.

ಪಕ್ಕದಲ್ಲಿ ಯುಪಿಎಸ್, ಸ್ಟೆಬಿಲೈಸರ್, ಸ್ಪೀಕರ್ ಇಡಬೇಡಿ. ಚಿತ್ರ ಬರೆಯುವುದು ಎಲೆಕ್ಟ್ರಾನುಗಳ ಎಳೆ. ಅದನ್ನು ಅಯಸ್ಕಾಂತದಿಂದಲೇ ಬಾಗಿಸುತ್ತಾರೆ. ಹೊರಗಿನ ಅಯಸ್ಕಾಂತವೂ ಅದನ್ನು ಬಾಗಿಸಬಲ್ಲದು. ನಮ್ಮ ಕರೆಂಟು 50 ಹರ್ಟ್ಸ್. ಪರದೆ 60 ಹರ್ಟ್ಸ್‌ನಲ್ಲಿದ್ದರೆ ಇವೆರಡರ ವ್ಯತ್ಯಾಸದಿಂದ ಚಿತ್ರ ಸೆಕೆಂಡಿಗೆ ಹತ್ತು ಸಲ ನಡುಗುತ್ತದೆ. ಯುಪಿಎಸ್ಸನ್ನು ಒಂದು ಮೀಟರ್ ಆಚೆ ಸರಿಸಿ ನೋಡಿ, ನಡುಕ ಅಲ್ಲಿಗೇ ನಿಲ್ಲಬಹುದು.

ಹಂತ 5: ಹೊಸ ಕಂಪ್ಯೂಟರಿಗೆ ಜೋಡಿಸಿ

ಇಂದಿನ ಬಹುತೇಕ ಯಂತ್ರಗಳಲ್ಲಿ ವಿಜಿಎ ಇರುವುದಿಲ್ಲ. ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಪುಟ್ಟ ಅಡಾಪ್ಟರ್ ಕೊಳ್ಳಿ. ಒಳಗೆ ಚಿಪ್ ಇರುವಂಥದ್ದೇ ಆಗಬೇಕು, ಬರೀ ತಂತಿ ಜೋಡಿಸಿದ ಕೇಬಲ್ ಕೆಲಸ ಮಾಡದು.

ಮೊದಲು 640×480, 60 ಹರ್ಟ್ಸ್ ಇಡಿ. ಯಾವ ವಿಜಿಎ ಮಾನಿಟರಾದರೂ ಇದನ್ನು ಒಪ್ಪುತ್ತದೆ. ಚಿತ್ರ ಬಂದ ಮೇಲೆ ಒಂದೊಂದೇ ಮೆಟ್ಟಿಲು ಏರಿ. 15 ಇಂಚಿಗೆ 800×600, 17 ಇಂಚಿಗೆ 1024×768 ಹಿತ. 19 ಇಂಚಿಗೆ 1280×960 ಇಡಿ. 1280×1024 ಇಟ್ಟರೆ 4:3ರ ಪರದೆಯಲ್ಲಿ ವೃತ್ತಗಳು ಚಪ್ಪಟೆಯಾಗುತ್ತವೆ. ಪರದೆಯಲ್ಲಿ ‘ಔಟ್ ಆಫ್ ರೇಂಜ್’ ಎಂದು ಬಂದರೆ ಕೂಡಲೇ ಹಿಂದಿನ ಅಳತೆಗೆ ಮರಳಿ. ತೀರ ಹಳೆಯ ಮಾನಿಟರ್‌ಗಳು ಆ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಕೀರಲು ಸದ್ದು ಬಂದರೆ ತಕ್ಷಣ ಆಫ್ ಮಾಡಿ.

ಎಲ್‌ಸಿಡಿಗೆ ತನ್ನದೇ ಒಂದು ನಿಗದಿತ ಅಳತೆ ಇದೆ, ಬೇರೆಯದನ್ನು ಕೊಟ್ಟರೆ ಹಿಗ್ಗಿಸಿ ಮಸುಕು ಮಾಡುತ್ತದೆ. ಸಿಆರ್‌ಟಿಗೆ ಆ ಹಟವಿಲ್ಲ. ತಾಳುವಷ್ಟರೊಳಗೆ ಯಾವ ಅಳತೆಯನ್ನಾದರೂ ಸಹಜವಾಗಿ ಬರೆಯುತ್ತದೆ. ಹಳೆಯ ಗೇಮುಗಳು ಇದರಲ್ಲಿ ಚೆನ್ನಾಗಿ ಕಾಣಲು ಇದು ಮೊದಲ ಕಾರಣ.

ಅಳತೆಯ ನಂತರ ವೇಗ. 60 ಹರ್ಟ್ಸ್‌ನಲ್ಲಿ ಬಿಳಿ ಪರದೆ ಕಡೆಗಣ್ಣಿಗೆ ಮಿಣುಕುತ್ತದೆ, ತಲೆನೋವು ತರುತ್ತದೆ. 75 ಅಥವಾ 85 ಹರ್ಟ್ಸ್‌ಗೆ ಏರಿಸಿ. ಸೈಬರ್ ಕೆಫೆಯಿಂದ ಕಣ್ಣುರಿಯುತ್ತ ಹೊರಬರುತ್ತಿದ್ದವರಲ್ಲಿ ಅನೇಕರಿಗೆ ಈ ಒಂದು ಸೆಟ್ಟಿಂಗ್ ಬದಲಿಸಿದ್ದರೆ ಸಾಕಿತ್ತು.

ಹಂತ 6: ‘ಡೀಗಾಸ್’ ಗುಂಡಿ ಒತ್ತಿ

ಸಾಮಾನ್ಯ ಬಣ್ಣದ ಟ್ಯೂಬಿನಲ್ಲಿ ಗಾಜಿನ ಹಿಂದೆಯೇ ಸಣ್ಣ ತೂತುಗಳ ಲೋಹದ ತಗಡಿದೆ. ಕೆಂಪು, ಹಸಿರು, ನೀಲಿಯ ಎಳೆಗಳು ತಮ್ಮ ತಮ್ಮ ಬಣ್ಣದ ಚುಕ್ಕಿಗೇ ತಾಗುವಂತೆ ನೋಡಿಕೊಳ್ಳುವುದು ಅದರ ಕೆಲಸ. ಭೂಮಿಯ ಕಾಂತಶಕ್ತಿಯಿಂದಲೋ ಸ್ಪೀಕರಿನಿಂದಲೋ ತಗಡು ಕಾಂತತ್ವ ಪಡೆದುಕೊಂಡರೆ ಎಳೆ ದಾರಿ ತಪ್ಪಿ ಬಣ್ಣದ ಕಲೆ ಮೂಡುತ್ತದೆ. ಡೀಗಾಸ್ ಒತ್ತಿದಾಗ ಟ್ಯೂಬಿನ ಸುತ್ತಲಿನ ಸುರುಳಿಯಲ್ಲಿ ಜೋರಾಗಿ ಹರಿದು ಕ್ರಮೇಣ ತಗ್ಗುವ ವಿದ್ಯುತ್ತು ಆ ಕಾಂತತ್ವವನ್ನು ಅಳಿಸುತ್ತದೆ. ‘ಡುಂಯ್’ ಸದ್ದು, ಒಂದು ಕ್ಷಣ ಅಲೆಯಾಡುವ ಚಿತ್ರ, ಎರಡೂ ಅದರದೇ.

ಮೋಜಿಗೆಂದು ಮತ್ತೆ ಮತ್ತೆ ಒತ್ತಬೇಡಿ. ಅದರ ಬಿಡಿಭಾಗ ತಣಿಯುವ ತನಕ ಪೂರ್ಣ ಬಲ ಬರುವುದಿಲ್ಲ, ಅರ್ಧ ಗಂಟೆ ಬಿಡುವು ಕೊಡಿ. ಗುಂಡಿ ಇಲ್ಲದ ಮಾನಿಟರ್‌ಗಳು ಸಾಮಾನ್ಯವಾಗಿ ಆನ್ ಮಾಡಿದಾಗಲೇ ಈ ಕೆಲಸ ಮುಗಿಸಿಬಿಡುತ್ತವೆ. ಮೇಜನ್ನು ಬೇರೆ ದಿಕ್ಕಿಗೆ ತಿರುಗಿಸಿದಾಗಲೂ ಒಮ್ಮೆ ಡೀಗಾಸ್ ಮಾಡಿ.

ಹಂತ 7: ಚಿತ್ರ ತಿದ್ದಿ

ಅರ್ಧ ಗಂಟೆ ಉರಿಸಿದ ಮೇಲೆಯೇ ತಿದ್ದಲು ಕೂರಿ, ಬಿಸಿಯಾಗುವಾಗ ಚಿತ್ರ ಸ್ವಲ್ಪ ಸರಿಯುತ್ತದೆ. ಕ್ರಮ ಹೀಗಿರಲಿ:

1. ಕಪ್ಪು ಚಿತ್ರ ಹಾಕಿ ‘ಬ್ರೈಟ್‌ನೆಸ್’ ಇಳಿಸಿ, ಕಪ್ಪು ನಿಜವಾಗಿ ಕಪ್ಪಾಗುವಲ್ಲಿ ನಿಲ್ಲಿಸಿ. ಸಿಆರ್‌ಟಿಯಲ್ಲಿ ಈ ಗುಂಡಿ ಕಪ್ಪಿನದು.
2. ಬಿಳಿ ಚಿತ್ರ ಹಾಕಿ ‘ಕಾಂಟ್ರಾಸ್ಟ್’ ಹೊಂದಿಸಿ. ಅತಿಯಾದರೆ ಅಕ್ಷರ ಊದಿಕೊಳ್ಳುತ್ತದೆ.
3. ಚೌಕುಳಿಗಳ ಚಿತ್ರ ಹಾಕಿ ಅಗಲ, ಎತ್ತರ, ಜಾಗ ಸರಿಮಾಡಿ.
4. ಓರೆ, ಅಂಚಿನ ಬಾಗು, ಮೇಲೆ ಅಗಲ ಕೆಳಗೆ ಕಿರಿದು ಇತ್ಯಾದಿಗಳನ್ನು ಕೊನೆಗೆ ತಿದ್ದಿ.

ನಾಲ್ಕೂ ಮೂಲೆ ಸ್ಕೇಲಿಟ್ಟಂತೆ ನೇರವಾಗಲಿ ಎಂದು ಹೋರಾಡಬೇಡಿ. ಅಂಗಡಿಯಿಂದ ಬಂದ ದಿನವೂ ಅವು ಹಾಗಿರಲಿಲ್ಲ.

ಹಂತ 8: ಸ್ವಭಾವ ಪರಿಚಯ ಮಾಡಿಕೊಳ್ಳಿ

ಸೋನಿ 1968ರಲ್ಲಿ ತಂದ ಟ್ರಿನಿಟ್ರಾನ್ ಟ್ಯೂಬಿನಲ್ಲಿ ತೂತಿನ ತಗಡಿನ ಬದಲು ಲಂಬವಾಗಿ ಬಿಗಿದ ಲೋಹದ ಎಳೆಗಳಿವೆ. ಅವು ಅದುರದಂತೆ ಅಡ್ಡಲಾಗಿ ಕೂದಲೆಳೆಯಂಥ ತಂತಿ ಹಾಕಿದ್ದಾರೆ, ಚಿಕ್ಕದರಲ್ಲಿ ಒಂದು, ದೊಡ್ಡದರಲ್ಲಿ ಎರಡು. ಬಿಳಿ ಪರದೆಯಲ್ಲಿ ಅದರ ನೆರಳು ಸಣ್ಣ ಗೆರೆಯಾಗಿ ಕಾಣುತ್ತದೆ. ಇದು ದೋಷವಲ್ಲ, ಈ ಬಗೆಯ ಟ್ಯೂಬಿನ ಗುರುತು. ಮಿತ್ಸುಬಿಷಿಯ ಡೈಮಂಡ್‌ಟ್ರಾನ್‌ನಲ್ಲೂ ಇದೇ ಗೆರೆ ಸಿಗುತ್ತದೆ.

1983ರ ಐಬಿಎಂ 5153 ಬಣ್ಣದ ಮಾನಿಟರ್ ಇನ್ನೊಂದು ಚಮತ್ಕಾರ. ಅದರ 16 ಬಣ್ಣಗಳ ಲೆಕ್ಕದಲ್ಲಿ ಮಾಸಲು ಹಳದಿಯೊಂದು ಬರಬೇಕಿತ್ತು. ಅದು ಚೆನ್ನಾಗಿಲ್ಲವೆಂದು ಆ ಒಂದೇ ಬಣ್ಣದಲ್ಲಿ ಹಸಿರನ್ನು ತಗ್ಗಿಸುವ ಪ್ರತ್ಯೇಕ ಸರ್ಕ್ಯೂಟನ್ನು ಮಾನಿಟರಿನೊಳಗೇ ಇಟ್ಟರು. ಕಂಪ್ಯೂಟರು ಹಳದಿ ಕಳಿಸಿದರೂ ಪರದೆ ಕಂದು ತೋರಿಸಿತು. ಹಳೆಯ ಡಾಸ್ ಗೇಮುಗಳ ಕಂದು ಮಣ್ಣಿಗೆ ಮೂಲ ಇದೇ.

ಆ 5153 ಅಡ್ಡಗೆರೆಗಳನ್ನು ಎಳೆಯುವ ವೇಗ ಸೆಕೆಂಡಿಗೆ 15,700ರಷ್ಟು. ಆ ವೇಗದಿಂದ ಹುಟ್ಟುವ ಸಣ್ಣ ಸಿಳ್ಳೆ ಎಳೆಯರ ಕಿವಿಗೆ ಕೇಳುತ್ತದೆ, ವಯಸ್ಸಾದವರಿಗೆ ಇಲ್ಲ. ವಿಜಿಎಯಲ್ಲಿ ವೇಗ 31,500ಕ್ಕೆ ಏರಿತು; ಮನುಷ್ಯರ ಕಿವಿಗೆ ಅದು ನಿಲುಕದ ಕಾರಣ ಮಾನಿಟರ್ ‘ಮೌನ’ವಾಯಿತು.

ಮೊಬೈಲಿನಲ್ಲಿ ಫೋಟೊ ತೆಗೆದರೆ ಕಪ್ಪು ಪಟ್ಟಿ ಬರುವುದು ಕೂಡ ಸಹಜ. ಪರದೆ ಒಂದೇ ಸಲ ಪೂರ್ತಿ ಬೆಳಗುವುದಿಲ್ಲ, ಗೆರೆ ಗೆರೆಯಾಗಿ ಮೇಲಿನಿಂದ ಕೆಳಕ್ಕೆ ಬರೆಯುತ್ತದೆ. ಪ್ರೊ ಮೋಡಿನಲ್ಲಿ ಶಟರ್ ವೇಗವನ್ನು 1/30ಕ್ಕೆ ಇಳಿಸಿದರೆ ಪಟ್ಟಿಯ ಕಾಟ ಬಹುಪಾಲು ಕಡಿಮೆಯಾಗುತ್ತದೆ.

ಹಂತ 9: ಹಳೆಯ ಗೇಮೊಂದನ್ನು ಹಾಕಿ

ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ‘ಪ್ರಿನ್ಸ್ ಆಫ್ ಪರ್ಷಿಯಾ’ ತೆರೆಯಿರಿ. ಈ ಗೇಮಿನ ಚಿತ್ರದ ಅಳತೆ 320×200. ಅದು 4:3ರ ಪರದೆ ತುಂಬಬೇಕಾದರೆ ಪ್ರತಿ ಚುಕ್ಕಿಯೂ ಅಗಲಕ್ಕಿಂತ ತುಸು ಎತ್ತರವಾಗಬೇಕು. ಹೊಸ ಅಗಲ ಪರದೆಯಲ್ಲಿ ಅದೇ ರಾಜಕುಮಾರ ಕುಳ್ಳಗಾಗುತ್ತಾನೆ. ಡಾಸ್‌ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ‘ಆಸ್ಪೆಕ್ಟ್’ ಆನ್ ಮಾಡಲು ಮರೆಯದಿರಿ.

ಓಟವನ್ನೂ ಗಮನಿಸಿ. ಸಿಆರ್‌ಟಿಯ ಪ್ರತಿ ಚುಕ್ಕಿ ಕ್ಷಣಮಾತ್ರ ಬೆಳಗಿ ಆರುತ್ತದೆ. ಎಲ್‌ಸಿಡಿಯದು ಮುಂದಿನ ಚಿತ್ರ ಬರುವ ತನಕ ನಿಂತೇ ಇರುತ್ತದೆ. ಓಡುವ ಚಿತ್ರ ಇಲ್ಲಿ ಚೊಕ್ಕಟವಾಗಿ, ಅಲ್ಲಿ ಕಲಸಿದಂತೆ ಕಾಣಲು ಈ ನಿಲುಗಡೆಯೇ ಮುಖ್ಯ ಕಾರಣ.

ಹಂತ 10: ಜೋಪಾನ, ಮತ್ತು ವಿದಾಯ

ಒಂದೇ ಚಿತ್ರವನ್ನು ತಾಸುಗಟ್ಟಲೆ ನಿಲ್ಲಿಸಬೇಡಿ. ಸ್ಕ್ರೀನ್‌ಸೇವರ್ ಹುಟ್ಟಿದ್ದೇ ಇದಕ್ಕಾಗಿ. ಎದ್ದು ಹೋಗುವಾಗ ಆಫ್ ಮಾಡುವುದು ಇನ್ನೂ ಮೇಲು. ಪರದೆಯನ್ನು ಒದ್ದೆ ಮಾಡಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಒರೆಸಿ. ಗಾಜು ಒರೆಸುವ ದ್ರವ ಬೇಡ, ಮೇಲಿನ ಲೇಪ ಕಿತ್ತುಬರುತ್ತದೆ.

ಒಂದು ದಿನ ಅದು ಹೊತ್ತಿಕೊಳ್ಳುವುದೇ ಇಲ್ಲ. ಆಗ ಒಡೆಯಬೇಡಿ, ತಾಮ್ರದ ಆಸೆಗೆ ಒಡೆಯುವವರಿಗೂ ಕೊಡಬೇಡಿ. ಟ್ಯೂಬಿನ ಗಾಜಿನಲ್ಲಿ ಸೀಸವಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಿ. ಆದರೆ ಇನ್ನೂ ಬೆಳಗುತ್ತಿರುವುದನ್ನು ಬೇಡವೆಂದು ಗುಜರಿಗೆ ಹಾಕುವ ಮೊದಲು, ಬೇಕೆನ್ನುವವರು ಹತ್ತಿರದಲ್ಲಿ ಇದ್ದಾರೆಯೇ ಎಂದು ಒಮ್ಮೆ ವಿಚಾರಿಸಿ. ಹಳತು ಹೋದರೆ ಅದರ ಜಾಗಕ್ಕೆ ಹೊಸ ಸಿಆರ್‌ಟಿ ಮಾನಿಟರ್ ಅಂಗಡಿಯಲ್ಲಿ ಸಿಗುವುದಿಲ್ಲ.